ಇಂಟಿವಾಟಾನದ ನೆರಳು ಮಾರ್ಚ್ 21ಕ್ಕೆ ಮಾಯವಾಗೋಲ್ಲ ಸರ್

ಟಿಕೆಟ್ ಬುಕ್ ಮಾಡೋ ಮೊದಲು ಸ್ವಲ್ಪ ತಡೀರಿ. "ವಿಷುವದ (ಹಗಲು-ರಾತ್ರಿ ಸಮ ಇರೋ ದಿನ, ಮಾರ್ಚ್ 21ರ ಹೊತ್ತಿಗೆ) ಮಧ್ಯಾಹ್ನ ಪೆರುವಿನ ಇಂಕಾ ಊರು ಮಾಚು ಪಿಚುವಿನ ಇಂಟಿವಾಟಾನ ಅನ್ನೋ ಕೆತ್ತಿದ ಕಲ್ಲಿಗೆ ನೆರಳೇ ಇರಲ್ಲ, ಆ ಫೋಟೊಗೇ ಹೋಗ್ತಿದೀನಿ" ಅಂತ ಬರೆದಿದ್ದೀರಿ. ಯೂಟ್ಯೂಬಿನವರು ಊದೋ ಕಥೆ ಇದು, ನಾನೂ ನಂಬಿ ನಾಲ್ಕು ಜನಕ್ಕೆ ಹೇಳಿದವನೇ. ಅಲ್ಲಿನ ಅಕ್ಷಾಂಶ 13 ಡಿಗ್ರಿ ದಕ್ಷಿಣ, ಆವತ್ತು ಸೂರ್ಯನ ಕ್ರಾಂತಿ ಸೊನ್ನೆ, ಅಂದ್ರೆ ಅವನು ಸಮಭಾಜಕದ ನೇರ ಮೇಲೆ. ಹಾಗಾಗಿ ಮಾಚು ಪಿಚುವಿನಲ್ಲಿ ಸೂರ್ಯ ಖಮಧ್ಯದಿಂದ (ನೆತ್ತಿಯ ನೇರ ಮೇಲಿನ ಬಿಂದುವಿನಿಂದ) 13 ಡಿಗ್ರಿ ಉತ್ತರಕ್ಕಿರ್ತಾನೆ. ಮೀಟರ್ ಕೋಲಿಗೆ 23 ಸೆಂಟಿಮೀಟರ್ ನೆರಳು ಬಿದ್ದೇ ಬೀಳುತ್ತೆ.

ನನ್ನ ಮಾತು ಬೇಡ, ಬೆಂಗಳೂರಿನ ತಾರಸಿ ಮೇಲೆ ನೀವೇ ನೋಡಿ. ನಾವೂ 13 ಡಿಗ್ರಿಯವರೇ, ಉತ್ತರಕ್ಕೆ ಅಷ್ಟೆ. ಒಂದು ಕೋಲು ನಿಲ್ಲಿಸಿ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಸುತ್ತ ವೃತ್ತ ಎಳೆದು, ನೆರಳಿನ ತುದಿ ಅದನ್ನ ಬೆಳಿಗ್ಗೆ ಮುಟ್ಟಿದ ಜಾಗ, ಮಧ್ಯಾಹ್ನದ ಮೇಲೆ ಮುಟ್ಟಿದ ಜಾಗ ಎರಡನ್ನೂ ಗುರುತು ಹಾಕಿ ಗೆರೆ ಎಳೆದು ಸೇರಿಸಿದರೆ ಪೂರ್ವ-ಪಶ್ಚಿಮ ಸಿಕ್ತು. ದಯವಿಟ್ಟು ಫೋನಿನ ದಿಕ್ಸೂಚಿ ತೆಗೀಬೇಡಿ, ತಾರಸಿಯ ಕಬ್ಬಿಣಕ್ಕೆ ಅದು ಎತ್ತೆತ್ತಲೋ ತಿರುಗುತ್ತೆ. ಗಡಿಯಾರದ ಹನ್ನೆರಡನ್ನೂ ನಂಬಬೇಡಿ, ಮಾರ್ಚಲ್ಲಿ ನಮ್ಮ ನಿಜವಾದ ಮಧ್ಯಾಹ್ನ 12:27ರ ಸುಮಾರಿಗೆ. ನಮ್ಮ ನೆರಳು ಉತ್ತರಕ್ಕೆ, ಅವರದು ದಕ್ಷಿಣಕ್ಕೆ, ಉದ್ದ ಹೆಚ್ಚುಕಡಿಮೆ ಒಂದೇ.

ಶೂನ್ಯ ನೆರಳು ನಮಗೆ ಏಪ್ರಿಲ್ 24, ಆಗಸ್ಟ್ 18ರ ಹತ್ತಿರ. ಅಲ್ಲಿ ಅಕ್ಟೋಬರ್ ಕೊನೆಗೊಮ್ಮೆ, ಫೆಬ್ರವರಿ ಮಧ್ಯದಲ್ಲೊಮ್ಮೆ. ಫೆಬ್ರವರಿ ಅಂದ್ರೆ ಜೋರು ಮಳೆಗಾಲ, ಮೋಡ ಬಿಟ್ಟರೆ ಪುಣ್ಯ. ಮೇಲಾಗಿ ಆ ಕಲ್ಲು ನೆರಳು ಅಳೆಯೋ ಕೋಲಿನ ಥರ ನೆಟ್ಟಗೂ ಇಲ್ಲ.

ಬೆಳಕಿನಾಟವೇ ಬೇಕಿದ್ರೆ ಜೂನ್ ಅಯನಕ್ಕೆ (ಸೂರ್ಯ ಉತ್ತರದ ತುದಿ ಮುಟ್ಟೋ ದಿನ) ಹೋಗಿ, ಒಣಹವೆ. ಅಲ್ಲಿನ ಬಾಗುಗೋಡೆಯ ಕಟ್ಟಡ ಟೊರ್ರಿಯೋನ್‌ನ ಕಿಟಕಿಯಿಂದ ಬರೋ ಬಿಸಿಲು ಒಳಗಿನ ಬಂಡೆಯ ಕೆತ್ತಿದ ಅಂಚಿಗೆ ಸಮಾನಾಂತರವಾಗಿ ಬೀಳುತ್ತೆ ಅಂತ ಸಂಶೋಧಕರಾದ ಡಿಯರ್ಬಾರ್ನ್ ಮತ್ತು ವೈಟ್ 1983ರಲ್ಲೇ ಬರೆದಿದ್ದಾರೆ. ಡಿಸೆಂಬರ್ ಅಯನದ ಸೂರ್ಯೋದಯಕ್ಕೆ ಬೇರೆ ಗುಹೆ ಇದೆ, ಇಂಟಿಮಚಾಯ್. ಎರಡನ್ನೂ ಕಲಸಬೇಡಿ. ಆಕಾಶ ತೋರಿಸೋ ಸಾಫ್ಟ್‌ವೇರ್ ಸ್ಟೆಲೇರಿಯಂ ಒಳ್ಳೇದೇ, ಆದರೆ ಸಪಾಟು ದಿಗಂತ ಇಟ್ಟು ಲೆಕ್ಕ ಹಾಕಿದ್ರೆ ಕೆಟ್ಟಿರಿ. ಅಲ್ಲಿ ಸುತ್ತ ಬೆಟ್ಟ. ಸೂರ್ಯ ತಡವಾಗಿ ಕಾಣ್ತಾನೆ, ಅಷ್ಟರಲ್ಲಿ ಎಡಕ್ಕೆ, ಅಂದ್ರೆ ಉತ್ತರಕ್ಕೆ ಜಾರಿರ್ತಾನೆ. ಬೆಟ್ಟದ ಉನ್ನತಿ (ಎತ್ತರದ ಕೋನ) ಸೇರಿಸಿಯೇ ಸೂರ್ಯನ ದಿಗಂಶ (ದಿಕ್ಕಿನ ಕೋನ) ತೆಗೀರಿ.

ಕಲ್ಲು ಮುಟ್ಟೋಕೆ ಹೋಗಬೇಡಿ, ಹಗ್ಗ ಕಟ್ಟಿರ್ತಾರೆ. 2000ದಲ್ಲಿ ಬಿಯರ್ ಜಾಹೀರಾತಿನ ಚಿತ್ರೀಕರಣದಲ್ಲಿ ಕ್ರೇನ್ ಬಿದ್ದು ಇಂಟಿವಾಟಾನದ ಮೂಲೆಯೇ ಹಾರಿಹೋಯ್ತು. ಟ್ರೈಪಾಡೂ ಒಳಗೆ ಬಿಡಲ್ಲ.

ಬಿಸಿಲು ಕೈಕೊಟ್ಟರೆ ಮೆಟ್ಟಿಲುಗದ್ದೆ ನೋಡಿ. ಮಣ್ಣಿನಡಿ ಜಲ್ಲಿ, ಕಲ್ಲುಚೂರಿನ ಪದರ ಹಾಕಿ, ನಮ್ಮ ಅಡಿಕೆ ತೋಟದ ಬಸಿಗಾಲುವೆ ಥರ ನೀರು ಇಳಿಸಿದ್ದಾರೆ. ಗೋಡೆಯ ಬುಡದ ನೀರು ಕಿಂಡಿಗಳ ಫೋಟೊ ತಂದ್ರೆ ಇಲ್ಲಿ ಹಾಕಿ.