ಎಂ12 ಟ್ಯಾಪಿಗೆ 10ರ ತೂತು ಸಾಲದು
ಅಣ್ಣಾ, ಗಂಗಾವತಿಯ ರೈಸ್ ಮಿಲ್ಲಲ್ಲಿ ಬೇರಿಂಗ್ ಬ್ಲಾಕ್ ಕೂರಿಸಲು 16 ಎಂಎಂ ಪ್ಲೇಟಿಗೆ 10ರ ತೂತು ಹೊಡೆದು ಎಂ12 ಟ್ಯಾಪ್ (12 ಎಂಎಂ ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್) ಹಾಕಿದೆ, ಎರಡು ಸಲ ಮುರಿಯಿತು ಅಂದಿದ್ದೀರಿ. ತಪ್ಪು ಟ್ಯಾಪಿನದ್ದಲ್ಲ, ತೂತಿನದ್ದು.

ಬೋಲ್ಟಿನ ಸೈಜಿನಿಂದ ಪಿಚ್, ಅಂದರೆ ಒಂದು ಹಲ್ಲಿಂದ ಇನ್ನೊಂದು ಹಲ್ಲಿಗಿರೋ ಅಂತರ, ಕಳೆಯಿರಿ, ಅಷ್ಟೇ ಲೆಕ್ಕ. ಎಂ12ರ ಮಾಮೂಲಿ ಪಿಚ್ 1.75. ಉಳಿಯೋದು 10.25. ಅಂಗಡಿಯಲ್ಲಿ 10.2ರ ಡ್ರಿಲ್ ಕೇಳಿ. ಸಿಗದಿದ್ದರೆ 10.5 ಹೊಡೆಯಿರಿ, ಅಷ್ಟು ದಪ್ಪದ ಪ್ಲೇಟಿಗೆ ಧಾರಾಳವಾಗಿ ನಡೆಯುತ್ತೆ. ತೂತು ಸಣ್ಣದಾದಷ್ಟೂ ಥ್ರೆಡ್ ಗಟ್ಟಿ ಅಂತ ಮೊದಲು ನಾನೂ ನಂಬಿದ್ದೆ. ಬಳ್ಳಾರಿಯ ನಮ್ಮ ಲೇತ್ ಶಾಪಲ್ಲಿ ಮುರಿದ ಟ್ಯಾಪ್‌ಗಳ ಡಬ್ಬಿ ತುಂಬಿದ್ದು ಹಾಗೇ!

ಒಂದು ವಿಷಯ ನೋಡ್ಕೊಳ್ಳಿ. ಮಿಲ್ ಹಳೇದಾದರೆ ಬೋಲ್ಟ್ ಅರ್ಧ ಇಂಚಿನ ವಿಟ್‌ವರ್ತ್ (ಬ್ರಿಟಿಷರ ಹಳೇ ಇಂಚಿನ ಥ್ರೆಡ್) ಇರಬಹುದು. ಸ್ಕೇಲ್ ಹಿಡಿದು ಒಂದು ಇಂಚಿಗೆ ಎಷ್ಟು ಹಲ್ಲು ಅಂತ ಎಣಿಸಿ. 12 ಬಂದರೆ ಅದೇ. 25.4 ಭಾಗಿಸು 12, ಪಿಚ್ 2.12. ಅದನ್ನು 12.7ರಲ್ಲಿ ಕಳೆದರೆ 10.58, ಅಂದರೆ 10.5ರ ಡ್ರಿಲ್. ಅದಕ್ಕೆ ಎಂ12 ಟ್ಯಾಪ್ ಮಾತ್ರ ಹಾಕಬೇಡಿ, ಬೋಲ್ಟ್ ಒಳಗೇ ಹೋಗಲ್ಲ.

ಎಣ್ಣೆ ಬಿಟ್ಟು, ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸ್ತೀರಿ ತಾನೇ?