ಹೈಸ್ಕೂಲಿಗೆ ಬಂದ ಮೇಲೆ ಶಾಲೆ ಯಾಕೆ ಬೇಡವಾಗುತ್ತದೆ? ಕಾಸರಗೋಡಿನಿಂದ ಒಂದು ಉತ್ತರ

ಕೇರಳದಲ್ಲಿ ಶಾಲೆಗಳು ಚೆನ್ನಾಗಿವೆ ಅಂತಾರೆ, ಮತ್ತೆ ನಿಮ್ಮ ಕಡೆಯ ಕೆಲವು ಹೈಸ್ಕೂಲು ಮಕ್ಕಳು ಶಾಲೆ ಅಂದರೆ ಯಾಕೆ ಹಿಂಜರಿಯುತ್ತಾರೆ ಎಂದು ಕೇಳಿದ್ದೀರಿ. ಇಲ್ಲಿ ಅಂಥ ಮಕ್ಕಳಿಗೆ ಬೇಗ ಸಿಗುವ ಹೆಸರು ‘ಉದಾಸೀನ’. ನಾನು ಅದನ್ನು ಒಪ್ಪುವುದಿಲ್ಲ.

ಕ್ಲಾಸು ತಪ್ಪಿಸಿ ತಿರುಗಾಡುವವರ ಕತೆ ಬೇರೆ. ಅವರು ಮನೆಯವರಿಗೆ ಗೊತ್ತಾಗದ ಹಾಗೆ ಹೋಗುತ್ತಾರೆ. ನಾನು ಹೇಳುತ್ತಿರುವುದು ಮನೆಯಲ್ಲೇ ಕೂತುಬಿಡುವವರ ಬಗ್ಗೆ. ಬೆಳಗ್ಗೆ ಹೊಟ್ಟೆನೋವು, ತಲೆನೋವು, ವಾಕರಿಕೆ. ಶಾಲೆಯ ಬಸ್ಸು ಹೋದ ಮೇಲೆ ಆರಾಮ. ಭಾನುವಾರ ರಾತ್ರಿ ಮತ್ತೆ ಶುರು. ಇದು ನಾಟಕ ಅಲ್ಲ. ಹೆದರಿಕೆಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ತಮಾಷೆಯ ಹೆಸರಲ್ಲಿ ಹಿಂಸೆ, ಪರೀಕ್ಷೆಯ ಭಯ, ಮನೆಯ ಜಗಳ, ರಾತ್ರಿ ನಿದ್ದೆಗೆಡುವುದು – ಇವೆಲ್ಲ ಯಾವ ಊರಲ್ಲೂ ಇದ್ದದ್ದೇ. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಕಷ್ಟ ಇದೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಮಾಧ್ಯಮದ ಶಾಲೆಗಳು ಉಳಿದವು, ಎಸ್ಸೆಸ್ಸೆಲ್ಸಿಯನ್ನು ಈಗಲೂ ಕನ್ನಡದಲ್ಲಿ ಬರೆಯಬಹುದು. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮರಾಠಿ. ಅವರಿಗೆ ಓದಿನ ಭಾಷೆ ಎಂದು ಗಟ್ಟಿಯಾಗಿ ಬರುವುದು ಕನ್ನಡ. ಎಂಟನೇ ಕ್ಲಾಸಿಗೆ ಹೈಸ್ಕೂಲು ಸೇರುತ್ತಾರೆ. ಹೊಸ ಕಟ್ಟಡ, ಹೊಸ ಗೆಳೆಯರು, ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಟೀಚರ್. ಆಗ ಗಣಿತಕ್ಕೋ ಸಮಾಜಕ್ಕೋ ಕನ್ನಡವೇ ಬಾರದ ಟೀಚರ್ ಬಂದರೆ? ಕನ್ನಡ ಮಾಧ್ಯಮದ ಹುದ್ದೆಗಳು ಬೇರೆಯೇ ಇದ್ದರೂ ಹೀಗೆ ಆಗುತ್ತದೆ. ಹೆತ್ತವರು ಇದರ ವಿರುದ್ಧ ಮತ್ತೆ ಮತ್ತೆ ಧರಣಿ ಕೂತಿದ್ದಾರೆ.

ದೊಡ್ಡವರಿಗೆ ಇದು ಭಾಷೆಯ ಹಕ್ಕಿನ ಪ್ರಶ್ನೆ. ಅದು ಸರಿಯೇ. ಆದರೆ ಬೆಂಚಿನಲ್ಲಿ ಕೂತ ಹದಿಮೂರರ ಹುಡುಗಿಗೆ ಅದು ದಿನಾ ಬರುವ ಒಂದು ಪೀರಿಯಡ್. ಡೌಟು ಕೇಳುವುದು ಯಾವ ಭಾಷೆಯಲ್ಲಿ? ತಪ್ಪಾಗಿ ಕೇಳಿದರೆ ಪಕ್ಕದವರು ನಗುತ್ತಾರೆ. ಆ ವಯಸ್ಸಿನಲ್ಲಿ ನಗೆಪಾಟಲಾಗುವುದಕ್ಕಿಂತ ದೊಡ್ಡ ಭಯ ಇಲ್ಲ, ಅಲ್ವಾ? ಸುಮ್ನೆ ಕೂರುತ್ತಾಳೆ. ಮಾರ್ಕು ಇಳಿಯುತ್ತದೆ. ಒಂದು ದಿನ ಹೋಗದೆ ಉಳಿದಾಗ ಜೀವಕ್ಕೆ ಹಾಯೆನಿಸುತ್ತದೆ, ಆ ನೆಮ್ಮದಿಯೇ ಮರುದಿನ ಹೊರಡುವುದನ್ನು ಇನ್ನೂ ಕಷ್ಟ ಮಾಡುತ್ತದೆ. ನೋಟ್ಸು ಬಾಕಿಯಾಗುತ್ತದೆ, ಗೆಳತಿಯರು ದೂರವಾಗುತ್ತಾರೆ. ಎಂಟನೆಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ಮಕ್ಕಳಿಗೂ ಹೀಗೇ ಆಗುವುದುಂಟು.

ಏನು ಮಾಡಬಹುದು? ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ. ಆಮೇಲೆ ‘ಯಾಕೆ ಹೋಗಲ್ಲ’ ಎಂದು ಗದರುವ ಬದಲು ಯಾವ ಪೀರಿಯಡ್, ಯಾವ ಬೆಂಚು, ಯಾವ ಬಸ್ಸು ಎಂದು ಮೆಲ್ಲಗೆ ಕೇಳಿ. ಉತ್ತರ ಒಂದೇ ದಿನಕ್ಕೆ ಬರುವುದಿಲ್ಲ. ಬೈದು ಎಳೆದುಕೊಂಡು ಹೋಗುವುದರಿಂದ ಹೆದರಿಕೆ ಜಾಸ್ತಿ. ಸರಿಹೋದ ಮೇಲೆ ಹೋಗಲಿ ಎಂದು ತಿಂಗಳುಗಟ್ಟಲೆ ಬಿಡುವುದೂ ಅಷ್ಟೇ ಕೆಟ್ಟದ್ದು. ಮೊದಲ ವಾರ ಎರಡು ಪೀರಿಯಡ್ ಸಾಕು, ಅದೂ ಇಷ್ಟದ ಟೀಚರದ್ದು. ಜೊತೆಗೆ ನಡೆಯಲು ಒಬ್ಬ ಗೆಳತಿ ಇರಲಿ. ಬಿಟ್ಟುಹೋದ ಪಾಠವನ್ನು ಯಾರಾದರೂ ಕನ್ನಡದಲ್ಲಿ ಹೇಳಿಕೊಡಲಿ. ವಾಪಸ್ ಬಂದ ಮಗುವನ್ನು ಎಲ್ಲರ ಮುಂದೆ ‘ಏನು, ಈಗ ದಾರಿ ಗೊತ್ತಾಯ್ತಾ’ ಎಂದು ಕೇಳುವ ಮಾಷ್ಟ್ರು ವಾರದ ಕೆಲಸವನ್ನು ಒಂದು ಮಾತಲ್ಲಿ ಕೆಡಿಸಿಬಿಡುತ್ತಾರೆ.

ಕೇರಳದ ಎಷ್ಟೋ ಸರಕಾರಿ ಶಾಲೆಗಳಲ್ಲಿ ಕೌನ್ಸಿಲರ್, ಅಂದರೆ ಮಕ್ಕಳ ಕಷ್ಟ ಕೇಳಿ ಸಲಹೆ ಕೊಡುವವರು, ಇದ್ದಾರೆ. ಅವರಿಗೆ ಮಗುವಿನ ಭಾಷೆ ಬರುತ್ತದಾ ಎಂದು ಹೆತ್ತವರು ಧೈರ್ಯವಾಗಿ ಕೇಳಬೇಕು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ ನಂಬರ್ 14416, ದುಡ್ಡು ಬೀಳುವುದಿಲ್ಲ. ಯಾರಾದರೂ ಮಗುವಿಗೆ ತೊಂದರೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಇನ್ನು ಕ್ಲಾಸಿನ ಭಾಷೆಯ ಮಾತು. ಅದನ್ನು ಮಗು ಒಬ್ಬಳೇ ಸರಿಮಾಡಲು ಆಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ಪಿಟಿಎ (ಹೆತ್ತವರು-ಟೀಚರುಗಳ) ಸಭೆಯಲ್ಲೇ ಯಾವ ವಿಷಯಕ್ಕೆ ಕನ್ನಡ ಬರುವ ಟೀಚರ್ ಇಲ್ಲ ಎಂದು ಕೇಳಿ, ಬರೆದು ಕೊಡಬೇಕು. ಓಣಂ ಹಬ್ಬದ ಹೊತ್ತಿನ ಮೊದಲ ಪರೀಕ್ಷೆಯ ಮಾರ್ಕು ಬರುವ ತನಕ ಕಾದರೆ ಎಷ್ಟೋ ಮಕ್ಕಳು ಅಷ್ಟರಲ್ಲೇ ಮನೆಯಲ್ಲಿ ಉಳಿಯಲು ಶುರುಮಾಡಿರುತ್ತಾರೆ.