ತಾನ್ ಬಿಟ್ಟು ಮಾತಿಗೆ ಬರುವುದು

ಪ್ರಶ್ನೆ: ಹತ್ತು ವರ್ಷ ಹಿಂದೂಸ್ತಾನಿ ಸಂಗೀತದ ಜೈಪುರ ಘರಾಣೆಯ (ಗುರುಪರಂಪರೆಯ) ಖ್ಯಾಲ್ ಗಾಯನ ಕಲಿತೆ. ಈಗ ವಚನ ಹಾಡಿದರೂ ತಾನ್‌ಗಳೇ (ವೇಗವಾಗಿ ಓಡುವ ಸ್ವರಗುಚ್ಛಗಳು) ನುಗ್ಗುತ್ತವೆ. ನನ್ನದೇ ದಾರಿ ಹೇಗೆ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಕಲಿತದ್ದನ್ನು ಬಿಡಬೇಡಿ, ಅದರ ಜಾಗ ಬದಲಿಸಿ. ತಾನ್ ರಿಯಾಜಿಗೆ (ಅಭ್ಯಾಸಕ್ಕೆ) ಬೆಳಿಗ್ಗೆ 20 ನಿಮಿಷ ಸಾಕು. ಆಮೇಲೆ ಒಂದೇ ವಚನವನ್ನು ತಂಬೂರಿಯಿಲ್ಲದೆ ಐದು ಸಲ ಗಟ್ಟಿಯಾಗಿ ಓದಿ. ಉಸಿರು ನಿಂತಲ್ಲಿ ಪೆನ್ಸಿಲಿನಿಂದ ಗೀರು ಹಾಕಿ. ಕೆಡುವುದು ಇಲ್ಲೇ: ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಸೇರುವ ಅವಸರದಲ್ಲಿ ‘ಕೂಡಲಸಂಗಮದೇವಾ’ ನಡುವೆಯೇ ತುಂಡಾಗುತ್ತದೆ. ಅಂಕಿತ ಒಂದೇ ಉಸಿರಿಗೆ ಬರಲಿ. 16 ಮಾತ್ರೆಯ (ತಾಳದ ಎಣಿಕೆಯ) ನಿಧಾನಗತಿಯ ವಿಲಂಬಿತ್ ಬೇಡ, 8 ಮಾತ್ರೆಯ ಕೆಹರವಾ ತಾಳ ಹಿಡಿಯಿರಿ. ತಾನ್ ಬೇಕೇ ಬೇಕೆನಿಸಿದರೆ (ಅನಿಸುತ್ತದೆ ಬಿಡಿ!) ಅಂಕಿತ ಮುಗಿದ ಮೇಲೆ ಒಂದೇ ಆವರ್ತ (ತಾಳದ ಒಂದು ಸುತ್ತು). ಫೋನಿನಲ್ಲಿ ರೆಕಾರ್ಡ್ ಮಾಡಿ, ಸಂಗೀತ ಗೊತ್ತಿಲ್ಲದವರಿಗೆ ಕೇಳಿಸಿ ಸಾಲು ಬರೆಸಿ. ಅವರು ಬಿಟ್ಟ ಪದವೇ ನಾಳೆಯ ಅಭ್ಯಾಸ.